ಹೊಸ ಸೆನ್ಸರ್ ಹಾಕಿಸಿದರೂ ಎಬಿಎಸ್ ದೀಪ ಆರುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮದು ಹಳೇ ಕಾರು. ಮಳೆ ಹಿಡಿದ ಮೇಲೆ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿತು. ಸ್ಕ್ಯಾನರ್ ಹಾಕಿದಾಗ ಮುಂದಿನ ಎಡಚಕ್ರದ ವೇಗ ಅಳೆಯುವ ಸೆನ್ಸರ್ ಎಂದು ಬಂತು. ಹೊಸದು ಹಾಕಿಸಿದೆವು. ಕೆಲವೇ ದಿನಕ್ಕೆ ಮತ್ತೆ ದೀಪ! ಸೆನ್ಸರ್ ಡೂಪ್ಲಿಕೇಟ್ ಇರಬಹುದೇ?

ಇರಬಹುದು. ಆದರೆ ನೀವು ಬಿಚ್ಚಿ ಎಸೆದ ಹಳೆಯದೂ ಚೆನ್ನಾಗಿಯೇ ಇತ್ತು ಎನ್ನುವ ಸಾಧ್ಯತೆ ಅದಕ್ಕಿಂತ ಹೆಚ್ಚು. ಮುಂಗಾರು ಬಂತೆಂದರೆ ಇದೇ ಪ್ರಶ್ನೆ. ಒಮ್ಮೆ ಗೋಣಿಕೊಪ್ಪದಿಂದ, ಒಮ್ಮೆ ಸೋಮವಾರಪೇಟೆಯಿಂದ. ಚಕ್ರ ಮಾತ್ರ ಬೇರೆ.

‘ಸ್ಕ್ಯಾನರ್ ಹೇಳಿದ ಮೇಲೆ ಸೆನ್ಸರೇ ಹೋಗಿದೆ’ ಎಂಬ ನಂಬಿಕೆಯನ್ನು ಮೊದಲು ಬಿಡಿ. ಎಬಿಎಸ್ ಕಂಪ್ಯೂಟರಿಗೆ ಸೆನ್ಸರ್ ಕಾಣುವುದಿಲ್ಲ. ತನ್ನ ಎರಡು ಪಿನ್ನಿಗೆ ಬರುವ ಸಿಗ್ನಲ್ ಸರಿಯಿಲ್ಲ ಎಂದಷ್ಟೇ ಅದಕ್ಕೆ ಗೊತ್ತು. ಆ ಪಿನ್ನಿಂದ ಚಕ್ರದವರೆಗೆ ವೈರು, ಕನೆಕ್ಟರ್, ಸೆನ್ಸರ್, ಸೆನ್ಸರಿನ ಮುಂದಿನ ಸಂದು, ಹಲ್ಲಿನ ಟೋನ್ ರಿಂಗ್ (ಚಕ್ರದ ಜೊತೆ ತಿರುಗುವ ಬಳೆ, ಸೆನ್ಸರ್ ಗುರುತಿಸುವುದು ಇದರ ಹಲ್ಲುಗಳನ್ನೇ), ಬೇರಿಂಗ್ ಎಲ್ಲ ಇವೆ. ಯಾವುದು ಕೆಟ್ಟರೂ ಸ್ಕ್ಯಾನರಿನಲ್ಲಿ ದೋಷದ ಕೋಡ್ ಬರುವುದು ಸೆನ್ಸರ್ ಹೆಸರಿನಲ್ಲೇ. ತೋಟದ ಮನೆಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಯಾರೂ ಮೊದಲು ನಲ್ಲಿ ಬದಲಿಸುವುದಿಲ್ಲ. ಪೈಪು ನೋಡುತ್ತಾರೆ, ಮೋಟಾರು ನೋಡುತ್ತಾರೆ. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತದೋ!

ಕೋಡನ್ನು ಪೂರ್ತಿ ಓದಿಸಿ. ‘ಸರ್ಕ್ಯೂಟ್ ಓಪನ್’ ಅಥವಾ ‘ಶಾರ್ಟ್’ ಎಂದಿದ್ದರೆ ವೈರು, ಕನೆಕ್ಟರ್ ಅಥವಾ ಸೆನ್ಸರಿನೊಳಗಿನ ಸುರುಳಿ. ಅಂಥ ದೋಷ ಸಾಮಾನ್ಯವಾಗಿ ಕೀ ತಿರುಗಿಸಿದಾಗಲೇ ಗೊತ್ತಾಗುತ್ತದೆ, ದೀಪ ಆರುವುದೇ ಇಲ್ಲ. ‘ಸಿಗ್ನಲ್ ಇಲ್ಲ’, ‘ಸಿಗ್ನಲ್ ಅಸ್ಥಿರ’ ಎಂದಿದ್ದರೆ ಸಂದು, ರಿಂಗ್, ಬೇರಿಂಗ್. ಇಲ್ಲಿ ದೀಪ ಮೊದಲು ಆರಿ, ಗಾಡಿ ಓಡತೊಡಗಿದ ಮೇಲೆ ಹತ್ತುತ್ತದೆ. ಇಷ್ಟು ಕೇಳಿದರೇ ಅರ್ಧ ಕೆಲಸ ಮುಗಿಯಿತು. ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ರೀಡರ್‌ಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಮಾತ್ರ ಓದುತ್ತವೆ, ಅದು ಬೇಡ. ಮತ್ತೊಂದು, ಎಡ ಎಂದರೆ ಚಾಲಕನ ಸೀಟಿನಲ್ಲಿ ಕೂತವರ ಎಡ. ಬಾನೆಟ್ ಎದುರು ನಿಂತು ಎಡಬಲ ತಪ್ಪಿಸಿ, ಸರಿಯಿದ್ದ ಚಕ್ರದ ಸೆನ್ಸರ್ ಕಿತ್ತವರೂ ಉಂಟು.

ಈಗ ಮಲ್ಟಿಮೀಟರ್. ಸಮತಟ್ಟು ಜಾಗ ಹುಡುಕಿ (ಕೊಡಗಿನಲ್ಲಿ ಅದೇ ದೊಡ್ಡ ಕೆಲಸ, ಕಾಫಿ ಒಣಗಿಸುವ ಕಣ ಖಾಲಿಯಿದ್ದರೆ ಒಳ್ಳೆಯದು), ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಡಿ. ಕೀ ಆಫ್ ಮಾಡಿ ಸೆನ್ಸರ್ ಕನೆಕ್ಟರ್ ಬಿಚ್ಚಿ. ಹಳೇ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಸುರುಳಿ ಮತ್ತು ಅಯಸ್ಕಾಂತದ ಸೆನ್ಸರ್. ಅದರ ಎರಡು ಪಿನ್ ನಡುವೆ ಸಾಮಾನ್ಯವಾಗಿ 800ರಿಂದ 2,500 ಓಮ್ ಬರಬೇಕು. ಅಂಕಿಗಿಂತ ಮುಖ್ಯವಾದದ್ದು ಬಲಚಕ್ರದ್ದರ ಜೊತೆ ಹೋಲಿಕೆ. ಪಿನ್ನಿಗೂ ಬಾಡಿಗೂ ನಡುವೆ ಸಂಪರ್ಕ ಇರಲೇಬಾರದು. ಮೀಟರ್ ಹಾಕಿಕೊಂಡೇ ವೈರನ್ನು ಉದ್ದಕ್ಕೂ ಅಲ್ಲಾಡಿಸಿ, ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಅಂಕಿ ಹಾರಿದರೆ ರಬ್ಬರ್ ಹೊದಿಕೆಯೊಳಗೆ ತಂತಿ ತುಂಡಾಗಿದೆ. ಆಮೇಲೆ ಮೀಟರನ್ನು ಎಸಿ ವೋಲ್ಟಿಗೆ ಹಾಕಿ ಚಕ್ರವನ್ನು ಕೈಯಲ್ಲಿ ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ, ಸುಮಾರು 0.1 ವೋಲ್ಟಾದರೂ ಬರಬೇಕು.

ಹೊರಗೆ ಹಲ್ಲಿನ ರಿಂಗೇ ಕಾಣದಿದ್ದರೆ ಅದು ಬಹುಶಃ ಆಕ್ಟಿವ್ ಸೆನ್ಸರ್. ಅದಕ್ಕೆ ಓಮ್ ಮೀಟರ್ ಹಚ್ಚಬೇಡಿ, ಒಳಗಿನ ಚಿಪ್ ಸುಟ್ಟೀತು. ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ವೇಗ ತೆರೆದಿಟ್ಟು, ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿ, ನೇರ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಓಡಿಸಿ. ಒಂದು ಮಾತ್ರ ಜಿಗಿಯುತ್ತಿದ್ದರೆ ಅಥವಾ ಬೇಗ ಸೊನ್ನೆಗೆ ಬಿದ್ದರೆ ಅದೇ ಚಕ್ರ. ಇತ್ತೀಚೆಗೆ ಬೇರಿಂಗ್ ಹಾಕಿಸಿದ್ದರೆ ಅದನ್ನೂ ಶಂಕಿಸಿ: ಇಂಥ ಹಲವು ಗಾಡಿಗಳಲ್ಲಿ ಹಲ್ಲಿನ ರಿಂಗಿನ ಕೆಲಸ ಮಾಡುವುದು ಬೇರಿಂಗಿನ ಅಯಸ್ಕಾಂತದ ಸೀಲ್, ಅದಿರುವ ಮಗ್ಗುಲು ಸೆನ್ಸರ್ ಕಡೆಗಿರಬೇಕು. ತಿರುವುಮುರುವಾಗಿ ಕೂರಿಸಿದರೆ ಸಿಗ್ನಲ್ ಬರುವುದೇ ಇಲ್ಲ.

ನಮ್ಮ ಕಡೆಯ ಮಾಮೂಲಿ ಅಪರಾಧಿಗಳು ಬೇರೆ. ತೋಟದ ದಾರಿಯ ಕೆಂಪು ಮಣ್ಣು ಟೋನ್ ರಿಂಗಿನ ಹಲ್ಲಿನ ಸಂದಿಯಲ್ಲಿ ಮೆತ್ತಿ ಒಣಗುತ್ತದೆ. ತಿಂಗಳುಗಟ್ಟಲೆ ತೇವದಿಂದ ಕನೆಕ್ಟರ್ ಪಿನ್ ಹಸಿರುಗಟ್ಟುತ್ತದೆ. ಶೆಡ್ಡಿನಲ್ಲಿ ಇಲಿ ವೈರು ಕಡಿಯುತ್ತದೆ. ಸೆನ್ಸರ್ ಕೂರುವ ತೂತಿನಲ್ಲಿ ತುಕ್ಕು ಬೆಳೆದು ಸೆನ್ಸರನ್ನೇ ಮೇಲೆತ್ತುತ್ತದೆ. ಸಂದು ಇರಬೇಕಾದ್ದೇ ಒಂದು ಮಿಲಿಮೀಟರ್ ಆಸುಪಾಸು, ಅದರ ಮೇಲೆ ಇನ್ನೊಂದು ಸೇರಿದರೆ ಸಿಗ್ನಲ್ ಬಡವಾಗುತ್ತದೆ. ಹೊಸ ಸೆನ್ಸರನ್ನು ಅದೇ ತುಕ್ಕಿನ ಮೇಲೆ ಕೂರಿಸಿದರೆ ಏನು ಬಂತು? ನಿಮ್ಮಲ್ಲಿ ಆಗಿರುವುದು ಇದೇ ಇರಬಹುದು. ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆದು ತೆಗೆಯಿರಿ. ಸೆನ್ಸರ್ ತುದಿಯನ್ನು ಬಟ್ಟೆಯಿಂದ ಒರೆಸಿ, ಅರ ಹಾಕಬೇಡಿ. ಕಚ್ಚಿಕೊಂಡ ಸೆನ್ಸರನ್ನು ಇಕ್ಕಳದಲ್ಲಿ ತಿರುಚಿದರೆ ಮುರಿಯುತ್ತದೆ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ.

ಗಾಡಿ ನಿಲ್ಲುವ ಹೊತ್ತಿಗೆ, 5–10 ಕಿ.ಮೀ. ವೇಗದಲ್ಲಿ, ಒಣ ರಸ್ತೆಯಲ್ಲೂ ಬ್ರೇಕ್ ಪೆಡಲ್ ಗರಗರ ಎಂದರೆ ರಿಂಗ್ ಬಿರುಕು ಬಿಟ್ಟಿದೆಯೇ ನೋಡಿ. ಚಕ್ರ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಬೇಕು; ಬಿರುಕು ಕೂದಲೆಳೆಯಷ್ಟೇ ಇರುತ್ತದೆ.

ಬ್ಯಾಟರಿ ಟರ್ಮಿನಲ್ ಬಿಚ್ಚಿ ದೀಪ ಆರಿಸುವುದು ರಿಪೇರಿಯಲ್ಲ. ದೋಷ ಇದ್ದಲ್ಲೇ ಇರುತ್ತದೆ.

ಇನ್ನು ಕೇಳದಿದ್ದರೂ ಹೇಳುತ್ತೇನೆ: ‘ದೀಪ ಹತ್ತಿದ ಮೇಲೆ ಫ್ಯೂಸ್ ತೆಗೆದುಬಿಡಿ, ಮಳೆಯಲ್ಲಿ ಬ್ರೇಕ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ’ ಎನ್ನುವವರ ಮಾತು ಕೇಳಬೇಡಿ. ಸಡಿಲ ಜಲ್ಲಿಯ ಮೇಲೆ ಎಬಿಎಸ್ ಇದ್ದರೆ ನಿಲ್ಲುವ ದೂರ ಸ್ವಲ್ಪ ಹೆಚ್ಚಬಹುದು, ಅಷ್ಟು ನಿಜ. ಆದರೆ ಹಲವು ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಎಷ್ಟು ಒತ್ತಡ ಹೋಗಬೇಕೆಂದು ತೀರ್ಮಾನಿಸುವ ಇಬಿಡಿ ಕೂಡ ಅದೇ ಯೂನಿಟ್ಟಿನಲ್ಲಿದೆ. ಫ್ಯೂಸ್ ತೆಗೆದರೆ ಅದೂ ಸತ್ತಿತು. ಸಂಪಾಜೆ ಘಾಟಿ ಇಳಿಯುವಾಗ ಭಾರ ಮುಂದಕ್ಕೆ ಬಂದಿರುತ್ತದೆ, ಹಗುರಾದ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿಯ ಬಾಲ ತಿರುಗುತ್ತದೆ. ಹಳದಿ ಎಬಿಎಸ್ ದೀಪ ಒಂದೇ ಇದ್ದರೆ ಸಾಮಾನ್ಯ ಬ್ರೇಕ್ ಇದೆ, ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಹ್ಯಾಂಡ್‌ಬ್ರೇಕ್ ಮತ್ತು ಬ್ರೇಕ್ ಆಯಿಲ್ ಮಟ್ಟ ನೋಡಿ. ಎರಡೂ ಸರಿಯಿದ್ದೂ ದೀಪ ಆರದಿದ್ದರೆ ಗಾಡಿಯನ್ನು ಘಾಟಿಗೆ ಇಳಿಸಬೇಡಿ.