ದತ್ತಾಂಶ ತಾಳೆ

ಒಂದು ಇಲಾಖೆಯ ಫಲಾನುಭವಿ ಪಟ್ಟಿಯನ್ನು ಬೇರೆ ಇಲಾಖೆಗಳ ದಾಖಲೆಗಳ ಜೊತೆ ಕಂಪ್ಯೂಟರಿನಲ್ಲಿ ಹೋಲಿಸಿ, ಯಾರು ಅರ್ಹರು, ಯಾರು ಅಲ್ಲ ಎಂದು ನೋಡುವುದೇ ದತ್ತಾಂಶ ತಾಳೆ.

ಕರ್ನಾಟಕದ ಬಿಪಿಎಲ್ ಕಾರ್ಡನ್ನೇ ತೆಗೆದುಕೊಳ್ಳಿ. ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು ಎಂಬುದು ನಿಯಮ. ಆದರೆ ಗಾರೆ ಕೆಲಸದವರ, ಮನೆಗೆಲಸದವರ ಕೂಲಿ ಯಾವ ಕಡತದಲ್ಲೂ ಇರುವುದಿಲ್ಲ. ಹಾಗಾಗಿ ಹುಡುಕುವುದು ಆದಾಯದ ಗುರುತುಗಳನ್ನು: ಆದಾಯ ತೆರಿಗೆ, ಜಿಎಸ್‌ಟಿ, ಸರ್ಕಾರಿ ಸಂಬಳ, ವೈಟ್ ಬೋರ್ಡ್ ಕಾರು, ಏಳೂವರೆ ಎಕರೆ ಮೀರಿದ ಖುಷ್ಕಿ ಜಮೀನು. ಇವನ್ನೆಲ್ಲ ಜೋಡಿಸುವ ಕೊಂಡಿ ಆಧಾರ್. ಆಧಾರ್ ಸೇರದ ದಾಖಲೆಯಾದರೆ ಹೆಸರನ್ನೇ ನಂಬಬೇಕು. ಇಂಗ್ಲಿಷಿನಲ್ಲಿ ಒಂದು ಕಡೆ ‘ಕೆಎಸ್‌ಎಚ್’, ಇನ್ನೊಂದು ಕಡೆ ‘ಎಕ್ಸ್’ ಹಾಕಿ ಬರೆದ ಲಕ್ಷ್ಮಮ್ಮ ಒಬ್ಬರೇ ಆದರೂ ಕಂಪ್ಯೂಟರಿಗೆ ಇಬ್ಬರು.

ಎಡವಟ್ಟು ಹೆಚ್ಚು ಆಗುವುದು ರಿಟರ್ನ್ಸ್, ಅಂದರೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ ಆದಾಯದ ವಿವರದ ವಿಷಯದಲ್ಲಿ. ಸಾಲಕ್ಕೆ ಬ್ಯಾಂಕು ಕೇಳಿತೆಂದೋ, ಹಣ ಕೈಗೆ ಬರುವ ಮೊದಲೇ ಕಡಿತವಾದ ತೆರಿಗೆ (ಟಿಡಿಎಸ್) ವಾಪಸ್ ಬರಲೆಂದೋ ರಿಟರ್ನ್ಸ್ ಸಲ್ಲಿಸಿದವರು ಒಂದು ರೂಪಾಯಿ ತೆರಿಗೆ ಕಟ್ಟಿರದಿದ್ದರೂ ‘ತೆರಿಗೆದಾರರು’ ಎಂದು ಪಟ್ಟಿಗೆ ಬೀಳುತ್ತಾರೆ. ರಿಟರ್ನ್ಸ್ ಸಲ್ಲಿಸುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ. ಮುಚ್ಚಿದ ಅಂಗಡಿಯ ಜಿಎಸ್‌ಟಿ ನೋಂದಣಿಯನ್ನು ರದ್ದು ಮಾಡಿಸದೆ ಬಿಟ್ಟರೂ ಇದೇ ಪಾಡು. ಗೃಹಲಕ್ಷ್ಮಿಯ 2000 ರೂಪಾಯಿಗಂತೂ ಗಂಡನ ಹೆಸರಿನ ಜಿಎಸ್‌ಟಿಯೂ ಅಡ್ಡಬರುತ್ತದೆ.

ಜಂಟಿ ಪಹಣಿಯದು ಇನ್ನೊಂದು ಕಥೆ. ನಾಲ್ವರು ಅಣ್ಣತಮ್ಮಂದಿರ ಹೆಸರಲ್ಲಿ 12 ಎಕರೆ ಒಟ್ಟಿಗೇ ಇದ್ದರೆ ಒಬ್ಬೊಬ್ಬರ ಪಾಲು ಮೂರೇ ಎಕರೆ. ಪಾಲನ್ನು ಬಿಡಿಸಿ ನೋಡದೆ ಲೆಕ್ಕ ಹಾಕಿದರೆ ನಾಲ್ವರೂ ಅನರ್ಹರು. ಬೆಂಗಳೂರಿನಲ್ಲಿ ಬೇರೆ ಸಂಸಾರ ಹೂಡಿದ ಮಗನ ಹೆಸರು ಊರಿನ ಕಾರ್ಡಿನಲ್ಲೇ ಉಳಿದಿದ್ದರೆ ಅವನ ಸಂಬಳವೂ ಅಪ್ಪ ಅಮ್ಮನ ಆದಾಯವೆನಿಸುತ್ತದೆ.

ತಾಳೆಯಲ್ಲಿ ಸಿಕ್ಕಿದ್ದು ಸುಳಿವು ಮಾತ್ರ. ನೋಟಿಸು ಕೊಟ್ಟು, ಮನೆಯವರ ಮಾತು ಕೇಳಿದ ಮೇಲೆ ಹೆಸರು ತೆಗೆಯಬೇಕು. ಮೊದಲು ಅಕ್ಕಿ ನಿಲ್ಲಿಸಿ ಆಮೇಲೆ ವಿಚಾರಿಸುವುದು ಶುದ್ಧ ಅನ್ಯಾಯ.

ಹೆಸರು ಕೈಬಿಟ್ಟಿದ್ದರೆ ಮೊದಲು ಕೇಳಬೇಕಾದ್ದು ಯಾವ ದಾಖಲೆಗೆ ತಾಳೆಯಾಗಿದೆ ಎಂಬುದನ್ನು, ಉತ್ತರ ಬರಹದಲ್ಲಿರಲಿ. ತೆರಿಗೆಯ ಕಾರಣವಾದರೆ ತೆರಿಗೆ ಸೊನ್ನೆ ಎಂದು ತೋರಿಸುವ ರಿಟರ್ನ್ಸ್ ಪ್ರತಿ, ಜಿಎಸ್‌ಟಿಯಾದರೆ ನೋಂದಣಿ ರದ್ದಾದ ಆದೇಶ, ಜಮೀನಾದರೆ ಪಾಲುಪತ್ರ ಬೇಕು. ಕಾರ್ಡಿನ ಅರ್ಜಿಯನ್ನು ತಾಲ್ಲೂಕು ಆಹಾರ ಶಾಖೆಗೆ, ಗೃಹಲಕ್ಷ್ಮಿಯದನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಕೊಟ್ಟು, ನಕಲು ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ.