ಹೋದ ಸಲ ಗೆದ್ದವನು ಈ ಸಲವೂ ಗೆಲ್ತಾನಾ?

ದಾವಣಗೆರೆಯಲ್ಲಿ ಬಾಕ್ಸಿಂಗ್ ಬಗ್ಗೆ ಮಾತಾಡುವವರು ಕಡಿಮೆ. ಕುಸ್ತಿ ಬಗ್ಗೆ ಕೇಳಿ ನೋಡಿ, ಮಾತು ನಿಲ್ಲಿಸುವುದೇ ಕಷ್ಟ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಹೋದರೆ ಕಣದ ಸುತ್ತ ಕೂತವರು ಅರ್ಧ ಹೊತ್ತು ಭವಿಷ್ಯವನ್ನೇ ಹೇಳುತ್ತಿರುತ್ತಾರೆ. "ಹೋದ ಸಲ ಇವನನ್ನ ಚಿತ್ ಮಾಡಿದ್ದ, ಈ ಸಲವೂ ಅವನದ್ದೇ" ಅಂತ ಒಬ್ಬ. "ಹೋದ ಸಲ ಕಾಲು ಜಾರಿತ್ತು ಕಣೋ, ಈಗ ನೋಡು" ಅಂತ ಪಕ್ಕದವನು. ಇಬ್ಬರೂ ನೋಡಿದ್ದು ಅದೇ ಕುಸ್ತಿ. ಆದರೂ ತೀರ್ಮಾನ ಮಾತ್ರ ಉಲ್ಟಾ.

ಈ ಜಗಳವನ್ನು ಒರೆಗೆ ಹಚ್ಚಲು ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್‌ಷಿಪ್ ರೀಮ್ಯಾಚ್‌ಗಳು, ಅಂದರೆ ಅದೇ ಇಬ್ಬರ ಮರುಪಂದ್ಯಗಳು, ಒಳ್ಳೆಯ ಜಾಗ. ಅಲ್ಲಿ ಪ್ರತಿ ರೌಂಡಿಗೂ ದಾಖಲೆ ಇದೆ, ಬಾಕ್ಸರ್‌ಗಳ ತೂಕವೂ ಬರೆದಿಟ್ಟಿರುತ್ತದೆ.

ಮೊದಲು "ಕಾಲು ಜಾರಿತ್ತು" ಅನ್ನುವವನ ವಾದ ನೋಡೋಣ. 2001ರ ಏಪ್ರಿಲ್‌ನಲ್ಲಿ ಹೆವಿವೇಟ್ ಚಾಂಪಿಯನ್ ಲೆನಾಕ್ಸ್ ಲೂಯಿಸ್ ದಕ್ಷಿಣ ಆಫ್ರಿಕಾದ ಬ್ರಾಕ್‌ಪಾನ್‌ನಲ್ಲಿ ಹಾಸಿಮ್ ರೆಹಮಾನ್ ಎದುರು ಇಳಿದರು. ಆ ಊರು ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಎತ್ತರದಲ್ಲಿದೆ. ಅಂದರೆ ದಾವಣಗೆರೆಗಿಂತ ಹತ್ತಿರ ಹತ್ತಿರ ಒಂದು ಸಾವಿರ ಮೀಟರ್ ಮೇಲೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಆರನೇ ಒಂದು ಪಾಲು ಕಡಿಮೆ. ದೇಹ ಅದಕ್ಕೆ ಒಗ್ಗಿಕೊಳ್ಳಲು ಸಮಯ ಬೇಕು, ಲೂಯಿಸ್ ಬಂದಿಳಿದದ್ದು ತಡವಾಗಿ. ಐದನೇ ರೌಂಡಿನಲ್ಲಿ ರೆಹಮಾನ್‌ರ ಒಂದೇ ಒಂದು ಬಲಗೈ ಗುದ್ದು ದವಡೆಗೆ ಬಿತ್ತು, ಅಲ್ಲಿಗೆ ಮುಗಿಯಿತು. ಅದೇ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮರುಪಂದ್ಯ. ಲೂಯಿಸ್ ತೂಕ ಇಳಿಸಿಕೊಂಡು ಬಂದು ನಾಲ್ಕನೇ ರೌಂಡಿನಲ್ಲೇ ರೆಹಮಾನ್‌ರನ್ನು ಮಲಗಿಸಿದರು.

ಇದರ ಹಿಂದೆ ಇರುವುದು ಹಳೆಯ ಸಂಗತಿಯೇ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ಒಂದು ವಿಷಯ ತೋರಿಸಿದರು: ತೀರಾ ಎತ್ತರದವರ ಮಕ್ಕಳು ಸರಾಸರಿಯ ಕಡೆಗೆ ಸ್ವಲ್ಪ ವಾಪಸ್ ಬರುತ್ತಾರೆ. ಆಟಕ್ಕೂ ಇದು ಅನ್ವಯಿಸುತ್ತದೆ. ಯಾವ ಫಲಿತಾಂಶದಲ್ಲೂ ಒಂದಿಷ್ಟು ಸಾಮರ್ಥ್ಯ, ಒಂದಿಷ್ಟು ಅದೃಷ್ಟ ಬೆರೆತಿರುತ್ತದೆ. ಫಲಿತಾಂಶ ಎಷ್ಟು ವಿಚಿತ್ರವೋ ಅದರಲ್ಲಿ ಅದೃಷ್ಟದ ಪಾಲು ಅಷ್ಟು ಜಾಸ್ತಿ. ಮುಂದಿನ ಸಲ ಸಾಮರ್ಥ್ಯ ಮತ್ತೆ ಬರುತ್ತದೆ, ಅದೃಷ್ಟ ಬಂದೇ ಬರುತ್ತದೆ ಅಂತ ಹೇಳಲಾಗದು.

ಹಾಗಂತ ಮೊದಲ ಪಂದ್ಯವನ್ನು ಪೂರ್ತಿ ಮರೆತುಬಿಡಬೇಕಾ? ಇಲ್ಲ. ಎಷ್ಟು ನೆನಪಿಟ್ಟುಕೊಳ್ಳಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಥಾಮಸ್ ಬೇಯ್ಸ್ ಅನ್ನುವ ಪಾದ್ರಿ ಬರೆದಿಟ್ಟು ಹೋಗಿದ್ದು ಅದು, ಅವರು ಸತ್ತ ಮೇಲೆ 1763ರಲ್ಲಿ ಪ್ರಕಟವಾಯಿತು. ಒಂದು ಉದಾಹರಣೆ ಮಾಡೋಣ. ಪಂದ್ಯಕ್ಕೆ ಮುಂಚೆ ನಿಮಗೆ 70% ನಂಬಿಕೆ ಹೀಗಿದೆ: ಚಾಂಪಿಯನ್ ನಿಜಕ್ಕೂ ಮೇಲು, ಹತ್ತರಲ್ಲಿ ಎಂಟು ಸಲ ಗೆಲ್ತಾನೆ. ಉಳಿದ 30% ಅನುಮಾನ ಹೀಗಿದೆ: ಈ ಹೊಸಬನ ವರಸೆ ಚಾಂಪಿಯನ್‌ಗೆ ಆಗಿಬರಲ್ಲ, ಹತ್ತರಲ್ಲಿ ಏಳು ಸಲ ಹೊಸಬನೇ ಗೆಲ್ತಾನೆ. ಇಂಥ ನೂರು ಪಂದ್ಯ ಊಹಿಸಿಕೊಳ್ಳಿ. ಮೊದಲ ಗುಂಪಿನ 70ರಲ್ಲಿ ಚಾಂಪಿಯನ್ 14 ಸೋಲುತ್ತಾನೆ. ಎರಡನೇ ಗುಂಪಿನ 30ರಲ್ಲಿ 21 ಸೋಲುತ್ತಾನೆ. ಒಟ್ಟು 35 ಸೋಲು. ಈಗ ಚಾಂಪಿಯನ್ ಸೋತಿದ್ದಾನೆ ಅನ್ನಿ. ಅವನು ನಿಜಕ್ಕೂ ಮೇಲಾಗಿರುವ ಸಾಧ್ಯತೆ 35ಕ್ಕೆ 14, ಅಂದರೆ 40%. ಮರುಪಂದ್ಯಕ್ಕೆ ಅವನ ಗೆಲುವಿನ ಲೆಕ್ಕ ಹಾಕಿದರೆ (40ರಲ್ಲಿ ಹತ್ತಕ್ಕೆ ಎಂಟರಂತೆ 32, ಉಳಿದ 60ರಲ್ಲಿ ಹತ್ತಕ್ಕೆ ಮೂರರಂತೆ 18) ಬರುವುದು ಸರಿಯಾಗಿ 50%.

ಮೊದಲ ಪಂದ್ಯಕ್ಕೆ ಮುಂಚೆ ಇದೇ ಲೆಕ್ಕದಲ್ಲಿ ಅವನ ಪಾಲು 65% ಇತ್ತು. ಒಂದು ಸೋಲು ಅದನ್ನು 15 ಇಳಿಸಿತು, ಅಷ್ಟೇ. ಕಣದ ಪಕ್ಕದ ಮೊದಲನೆಯವನು ಅದನ್ನು ಸೊನ್ನೆಗೆ ಇಳಿಸಿದ್ದ, ಎರಡನೆಯವನು ಇಳಿಸಲೇ ಇಲ್ಲ.

ಇದರಲ್ಲಿ ಒಂದು ತೊಡಕಿದೆ. ಲೆಕ್ಕಕ್ಕೆ ನಾವು ಕೊಟ್ಟದ್ದು "ಸೋತ" ಅನ್ನುವ ಒಂದೇ ಮಾತು. ಹೇಗೆ ಸೋತ ಅನ್ನುವುದರಲ್ಲಿ ಇನ್ನೂ ಬಹಳ ಮಾಹಿತಿ ಇರುತ್ತದೆ. ಒಂದೇ ಗುದ್ದಿಗೆ ಬಿದ್ದರೆ ನಮ್ಮ ಕೈಗೆ ಸಿಕ್ಕಿದ್ದು ಒಂದು ಘಟನೆ. ಹನ್ನೆರಡು ರೌಂಡ್ ಆಡಿ ಒಂಬತ್ತು ಸೋತರೆ ಸಿಕ್ಕಿದ್ದು ಹನ್ನೆರಡು ಸಣ್ಣ ಪರೀಕ್ಷೆ. ನೋಡಲು ನಾಕೌಟೇ ಭಾರಿ ಅನಿಸುತ್ತದೆ, ಆದರೆ ಮುಂದಿನದನ್ನು ಹೇಳಲು ಎರಡನೆಯದೇ ಜಾಸ್ತಿ ಉಪಯೋಗ. ಇನ್ನು ಕೆಲವು ಸಲ ಫಲಿತಾಂಶದ ಚೀಟಿಯೇ ದಾರಿ ತಪ್ಪಿಸುತ್ತದೆ. 1999ರ ಮಾರ್ಚ್‌ನಲ್ಲಿ ಇದೇ ಲೆನಾಕ್ಸ್ ಲೂಯಿಸ್ ಮತ್ತು ಎವಾಂಡರ್ ಹೋಲಿಫೀಲ್ಡ್ ನಡುವಿನ ಪಂದ್ಯವನ್ನು ಮೂವರು ಜಡ್ಜ್‌ಗಳು ಸೇರಿ ಡ್ರಾ ಮಾಡಿದರು. ಗುದ್ದು ಎಣಿಸುವವರ ಪಟ್ಟಿಯಲ್ಲಿ ಲೂಯಿಸ್ ತಾಗಿಸಿದ್ದು 348, ಹೋಲಿಫೀಲ್ಡ್ 130. ನವೆಂಬರ್‌ನ ಮರುಪಂದ್ಯದಲ್ಲಿ ಮೂವರೂ ಲೂಯಿಸ್‌ಗೇ ಕೊಟ್ಟರು. "ಡ್ರಾ ಆಗಿದೆ, ಇಬ್ಬರೂ ಸಮ" ಅಂದುಕೊಂಡವರು ಚೀಟಿ ನೋಡಿದರು, ಆಟ ನೋಡಲಿಲ್ಲ.

ನನ್ನ ಪ್ರಕಾರ ಮರುಪಂದ್ಯಕ್ಕೆ ಕೇಳಬೇಕಾದ ಅಸಲಿ ಪ್ರಶ್ನೆ ಇದು: ಮೊದಲ ಫಲಿತಾಂಶಕ್ಕೆ ಕಾರಣ ಏನಿತ್ತು, ಆ ಕಾರಣ ಈ ಸಲವೂ ಇರುತ್ತದಾ? ಗರಡಿಮನೆಯ ವಸ್ತಾದಿಗೆ ಇದು ಹೊಸ ವಿಷಯವಲ್ಲ. ಹುಡುಗ ಸೋತು ಬಂದರೆ ಅವರು ಮೊದಲು ಕೇಳುವುದೇ "ಯಾವ ಪಟ್ಟಿಗೆ ಬಿದ್ದೆ?" ಅಂತ.

ಮ್ಯಾಕ್ಸ್ ಷ್ಮೆಲಿಂಗ್ ಹೀಗೇ ಯೋಚಿಸುತ್ತಿದ್ದ ಜರ್ಮನ್ ಬಾಕ್ಸರ್. ಅವರ ಎದುರಾಳಿ ಅಮೆರಿಕದ ಜೋ ಲೂಯಿಸ್ (ಲೆನಾಕ್ಸ್ ಬೇರೆ, ಇವರು ಬೇರೆ) ಅದುವರೆಗೆ ವೃತ್ತಿಪರ ಪಂದ್ಯ ಸೋತಿರಲೇ ಇಲ್ಲ. ಷ್ಮೆಲಿಂಗ್ ಜೋ ಆಟವನ್ನು ಗಮನವಿಟ್ಟು ನೋಡಿ ಒಂದು ದೋಷ ಹಿಡಿದರು: ಎಡಗೈಯಲ್ಲಿ ಚುಚ್ಚಿದ ಮೇಲೆ ಜೋ ಆ ಕೈಯನ್ನು ಕೆಳಗೆ ಬಿಡುತ್ತಾರೆ. ಆ ಕ್ಷಣಕ್ಕೆ ದವಡೆಗೆ ಕಾವಲಿಲ್ಲ. ಇದು ಯಾಕೆ ಅಷ್ಟು ದೊಡ್ಡದು ಅಂತೀರಾ? ಕಣ್ಣಿಗೆ ಏನೋ ಕಂಡು, ಕೈ ಅಲ್ಲಾಡಲು ಶುರುವಾಗಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಹತ್ತಿರದಿಂದ ಬರುವ ಗುದ್ದಿಗೆ ಅಷ್ಟು ಹೊತ್ತು ಸಾಲದು. ಹಾಗಾಗಿ ಬಾಕ್ಸರ್ ನೋಡಿ ಹೊಡೆಯುವುದಕ್ಕಿಂತ ಮುಂದೇನು ಬರುತ್ತದೆ ಅಂತ ಊಹಿಸಿ ಹೊಡೆಯುವುದೇ ಜಾಸ್ತಿ. ಎದುರಾಳಿಯ ಭುಜ, ಹೆಜ್ಜೆ, ಅಭ್ಯಾಸಗಳೇ ಸುಳಿವು. ಒಂದು ಖಾತ್ರಿ ಸುಳಿವು ಸಿಕ್ಕರೆ ಅರ್ಧ ಪಂದ್ಯ ಗೆದ್ದ ಹಾಗೆ. 1936ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಷ್ಮೆಲಿಂಗ್‌ರ ಬಲಗೈ ಅದೇ ಸಂದಿನಲ್ಲಿ ಮತ್ತೆ ಮತ್ತೆ ನುಗ್ಗಿತು, 12ನೇ ರೌಂಡಿನಲ್ಲಿ ಜೋ ನಾಕೌಟ್.

ಆ ಸೋಲಿನಲ್ಲಿ ಕಾಲು ಜಾರಿದ್ದೇನೂ ಇರಲಿಲ್ಲ. ನಾವು ಹಾಕಿದ ಲೆಕ್ಕ ಷ್ಮೆಲಿಂಗ್ ಕಡೆಗೇ ವಾಲುತ್ತದೆ. ಆದರೆ ಕೈ ಕೆಳಗೆ ಬಿಡುವುದು ತಿದ್ದಿಕೊಳ್ಳಬಹುದಾದ ತಪ್ಪು. 1938ರ ಜೂನ್ 22ಕ್ಕೆ ಮತ್ತೆ ಅದೇ ಸ್ಟೇಡಿಯಂ, 70 ಸಾವಿರ ಜನ. ಜೋಗೆ ಆಗ 24 ವರ್ಷ, ಷ್ಮೆಲಿಂಗ್‌ಗೆ 32. ಪಂದ್ಯ ನಡೆದದ್ದು 124 ಸೆಕೆಂಡ್, ಗೆದ್ದದ್ದು ಜೋ. ಷ್ಮೆಲಿಂಗ್‌ಗೆ ಹಳೇ ಸಂದು ಹುಡುಕಲು ಪುರುಸೊತ್ತೇ ಸಿಗಲಿಲ್ಲ.

2019ರಲ್ಲಿ ಆಂಡಿ ರೂಯಿಜ್ ಮತ್ತು ಆಂಟನಿ ಜೋಶುವಾ ಕತೆಯೂ ಇದೇ ಜಾತಿಯದು. ಜೂನ್‌ನಲ್ಲಿ ರೂಯಿಜ್ ಹತ್ತಿರ ನುಗ್ಗಿ ಜೋಶುವಾರನ್ನು ನಾಲ್ಕು ಸಲ ಕೆಡವಿ, ಏಳನೇ ರೌಂಡಿನಲ್ಲಿ ಗೆದ್ದರು. ಆದರೆ ಜೋಶುವಾರ ಕೈಚಾಚು 8 ಇಂಚು ಜಾಸ್ತಿ ಇತ್ತು. ದೂರ ನಿಂತು ಆಡುವ ದಾರಿ ಅವರಿಗೆ ತೆರೆದೇ ಇತ್ತು, ಮೊದಲ ಸಲ ಬಳಸಲಿಲ್ಲ. ರೂಯಿಜ್ ಏನೇ ಮಾಡಿದರೂ ಕೈ ಉದ್ದ ಮಾಡಿಕೊಳ್ಳಲು ಆಗಲ್ಲ. ಡಿಸೆಂಬರ್‌ಗೆ ಸೌದಿ ಅರೇಬಿಯಾದಲ್ಲಿ ಜೋಶುವಾ ಸುಮಾರು 5 ಕಿಲೋ ಇಳಿಸಿ ಬಂದರು, ರೂಯಿಜ್ ಸುಮಾರು 7 ಕಿಲೋ ಏರಿಸಿಕೊಂಡು ಬಂದರು. ಹನ್ನೆರಡೂ ರೌಂಡ್ ದೂರದಿಂದಲೇ ಚುಚ್ಚಿ ಚುಚ್ಚಿ ಜೋಶುವಾ ಬೆಲ್ಟ್ ವಾಪಸ್ ತೆಗೆದುಕೊಂಡರು. ನೋಡುವವರಿಗೆ ಬೋರ್, ಜಡ್ಜ್‌ಗಳಿಗೆ ಅನುಮಾನವೇ ಇರಲಿಲ್ಲ.

"ಅವನನ್ನ ಸೋಲಿಸಿದವನನ್ನೇ ಇವನು ಸೋಲಿಸಿದ್ದಾನೆ, ಅಂದ ಮೇಲೆ ಇವನೇ ಮೇಲು" ಅನ್ನುವ ವಾದವನ್ನೂ ಆಗಾಗ ಕೇಳುತ್ತೇವೆ ಅಲ್ವಾ? 1971ರಲ್ಲಿ ಜೋ ಫ್ರೇಜಿಯರ್ ಮಹಮದ್ ಅಲಿಯನ್ನು ಸೋಲಿಸಿದರು. 1973ರಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರ್‌ರನ್ನು ಎರಡೇ ರೌಂಡಿನಲ್ಲಿ ಮುಗಿಸಿದರು. ಹಾಗಾದರೆ ಫೋರ್‌ಮನ್ ಎದುರು ಅಲಿ ಏನು ಮಹಾ? 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಫೋರ್‌ಮನ್‌ರನ್ನು ಎಂಟನೇ ರೌಂಡಿನಲ್ಲಿ ಮಲಗಿಸಿದರು. ಎತ್ತರವನ್ನಾದರೆ ಹೀಗೆ ಸಾಲಾಗಿ ಹೋಲಿಸಬಹುದು, ವರಸೆಯನ್ನು ಆಗಲ್ಲ. ಮರುಪಂದ್ಯಕ್ಕೆ ಇದರಿಂದ ಒಂದು ಅನುಕೂಲ ಇದೆ. ಮೂರನೆಯವನ ಲೆಕ್ಕ ಬೇಡ, ಇದೇ ಇಬ್ಬರು ಒಮ್ಮೆ ಎದುರುಬದುರು ನಿಂತಿದ್ದಾರೆ.

ಹಳೆಯ ಮರುಪಂದ್ಯಗಳನ್ನೆಲ್ಲ ಗುಡ್ಡೆ ಹಾಕಿ ಸೋತವನು ಎಷ್ಟು ಸಲ ತಿರುಗಿ ಗೆದ್ದ ಅಂತ ಎಣಿಸಿದರೆ ಆಯ್ತಲ್ಲ ಅನ್ನಬಹುದು. ಹುಷಾರು. ಎಲ್ಲ ಪಂದ್ಯಕ್ಕೂ ಮರುಪಂದ್ಯ ನಡೆಯುವುದಿಲ್ಲ. 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಮೈಕ್ ಟೈಸನ್‌ರನ್ನು ಕೆಡವಿದರಲ್ಲ, ಅವರಿಬ್ಬರು ಮತ್ತೆ ಎದುರಾಗಲೇ ಇಲ್ಲ. ಸೋತವನು ದೊಡ್ಡ ಹೆಸರಿನವನಾಗಿದ್ದು ಕರಾರಿನಲ್ಲೇ ಮರುಪಂದ್ಯ ಬರೆಸಿಕೊಂಡಿದ್ದರೆ, ಇಲ್ಲವೇ ಮೊದಲನೆಯದು ಕೂದಲೆಳೆಯಲ್ಲಿ ಮುಗಿದು ಟಿಕೆಟ್ ಮಾರಾಟವಾಗುವಂತಿದ್ದರೆ ಜೋಡಿ ಮತ್ತೆ ಕಟ್ಟುತ್ತಾರೆ. ಆ ಗುಡ್ಡೆ ಮೊದಲೇ ಆರಿಸಿದ ಗುಡ್ಡೆ.

ಭವಿಷ್ಯ ಹೇಳುವವರಿಗೂ ಅಂಕ ಕೊಡಬಹುದು. ಗ್ಲೆನ್ ಬ್ರಯರ್ ಎಂಬ ಹವಾಮಾನ ತಜ್ಞರು 1950ರಲ್ಲಿ ಮಳೆಯ ಮುನ್ಸೂಚನೆ ಅಳೆಯಲು ಒಂದು ವಿಧಾನ ಕೊಟ್ಟರು. ನೀವು ಹೇಳಿದ ಸಂಭವ ಮತ್ತು ನಡೆದದ್ದರ (ಹೇಳಿದಂತೆ ಆದರೆ 1, ಆಗದಿದ್ದರೆ 0) ನಡುವಿನ ಅಂತರವನ್ನು ವರ್ಗ ಮಾಡಿ. ಕಡಿಮೆ ಬಂದಷ್ಟೂ ಒಳ್ಳೆಯದು. 70% ಅಂದು ಸರಿಯಾದರೆ 0.09, ತಪ್ಪಾದರೆ 0.49. "ಬರೆದಿಟ್ಕೋ, ನೂರಕ್ಕೆ ನೂರು" ಅಂದು ತಪ್ಪಾದರೆ ಪೂರ್ತಿ 1. ಸುಮ್ನೆ ಪ್ರತಿ ಸಲವೂ 50% ಅಂದವನಿಗೂ 0.25 ಮಾತ್ರ. ಬಾಯಿ ಜೋರಿದ್ದವನಿಗಿಂತ ಅವನೇ ಮುಂದೆ ಬರುವುದುಂಟು.

ಬೇಕಾದರೆ ಇದನ್ನೆಲ್ಲ 2024ರ ಒಲೆಕ್ಸಾಂಡರ್ ಉಸಿಕ್ ಮತ್ತು ಟೈಸನ್ ಫ್ಯೂರಿ ಎಂಬ ಹೆವಿವೇಟ್ ಜೋಡಿಯ ಮೇಲೆ ಆಡಿಸಿ ನೋಡಿ. ಮೇ ತಿಂಗಳಲ್ಲಿ ಮೂವರಲ್ಲಿ ಇಬ್ಬರು ಜಡ್ಜ್‌ಗಳು ಉಸಿಕ್ ಕಡೆ, ಅದೂ ಕೂದಲೆಳೆಯಲ್ಲಿ. ಒಂಬತ್ತನೇ ರೌಂಡಿನಲ್ಲಿ ಫ್ಯೂರಿ ಬೀಳುವುದರಲ್ಲಿದ್ದರು. ಫ್ಯೂರಿ ಎತ್ತರ, ತೂಕ ಎರಡರಲ್ಲೂ ದೊಡ್ಡವರು, ಆ ಅನುಕೂಲವನ್ನು ಮೊದಲ ಸಲವೇ ಖರ್ಚು ಮಾಡಿದ್ದರು. ಹೊಸದಾಗಿ ತಿದ್ದಿಕೊಳ್ಳಲು ಉಳಿದದ್ದು ಕಡಿಮೆ. ಡಿಸೆಂಬರ್‌ನಲ್ಲಿ ಮೂವರು ಜಡ್ಜ್‌ಗಳೂ 116–112 ಅಂತ ಉಸಿಕ್‌ಗೇ ಕೊಟ್ಟರು. ನಾನಾಗಿದ್ದರೆ ಉಸಿಕ್‌ಗೆ 60% ಕೊಡುತ್ತಿದ್ದೆ, ಬ್ರಯರ್ ಲೆಕ್ಕದಲ್ಲಿ 0.16. ಪಂದ್ಯ ಮುಗಿದ ಮೇಲೆ ಹೇಳಿದ್ದಕ್ಕೆ ಅಂಕ ಇಲ್ಲ ಬಿಡಿ.