ಲೋಡ್ ಪಾತ್: ಬಿರುಗಾಳಿಯ ಹೊಡೆತ ನೆಲ ಸೇರುವ ದಾರಿ

ಸ್ಟ್ರಕ್ಚರಲ್ ಇಂಜಿನಿಯರಿಂಗ್ ಓದುವವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ‘ಲೋಡ್ ಪಾತ್’. ಹೊರೆಯ ಹಾದಿ ಎನ್ನಬಹುದು. ಕಟ್ಟಡದ ಮೇಲೆ ಎಲ್ಲೇ ಬಲ ಬೀಳಲಿ, ಅದು ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಕೊನೆಗೆ ನೆಲ ಸೇರಲೇಬೇಕು: ಚಾವಣಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ತಳಪಾಯಕ್ಕೆ, ಅಲ್ಲಿಂದ ಮಣ್ಣಿಗೆ.

ಮೊದಮೊದಲು ಕಲಿಯುವುದೆಲ್ಲ ಕೆಳಗಿಳಿಯುವ ಹೊರೆಯ ಲೆಕ್ಕ. ಅಲ್ಲಿ ತೊಲೆ ಗೋಡೆಯ ಮೇಲೆ ಸುಮ್ಮನೆ ಕೂತಿದ್ದರೂ ನಡೆದೀತು. ಅದರ ತೂಕವೇ ಅದನ್ನು ಹಿಡಿದಿಡುತ್ತದೆ. ಕಡಲ ದಂಡೆಯ ಬಿರುಗಾಳಿಗೆ ಲೆಕ್ಕ ಹಾಕಲು ಕೂತಾಗ ಈ ನೆಮ್ಮದಿ ಹೋಗುತ್ತದೆ. ಚಾವಣಿಯ ಮೇಲೆ ಹಾಯುವ ಗಾಳಿ ಅದನ್ನು ಮೇಲಕ್ಕೆ ಹೀರುತ್ತದೆ. ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ವೇಗವಿದ್ದರೆ ಗಾಳಿಯ ಒತ್ತಡ 0.6 × 50 × 50 (0.6 ಎಂಬುದು ಗಾಳಿಯ ಸಾಂದ್ರತೆಯ ಅರ್ಧ), ಚದರ ಮೀಟರಿಗೆ 1500 ನ್ಯೂಟನ್. ಹೆಚ್ಚುಕಡಿಮೆ 150 ಕಿಲೋ ತೂಕದಷ್ಟು. ಮೂಲೆಗಳಲ್ಲಿ ಹೀರುವ ಬಲ ಇದರ ಎರಡು ಪಟ್ಟೂ ಆಗಬಹುದು. ತಗಡಿನ ಚಾವಣಿಯ ಸ್ವಂತ ತೂಕವೋ ಚದರ ಮೀಟರಿಗೆ ಹತ್ತು ಕಿಲೋ ದಾಟುವುದೇ ಅಪರೂಪ. ಜೊತೆಗೆ ಒಂದು ಕಿಟಕಿ ಒಡೆದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ತಳ್ಳತೊಡಗುತ್ತದೆ.

ಈಗ ಒಂದೇ ಒಂದು ಮೊಳೆಯನ್ನು ನೋಡಿ. ಮರಕ್ಕೆ ಹೊಡೆದ ಮೊಳೆಯನ್ನು ಅಡ್ಡಕ್ಕೆ ತಳ್ಳಿ ಮುರಿಯುವುದು ಕಷ್ಟ. ಹೊಡೆದ ನೇರದಲ್ಲೇ ಹಿಂದಕ್ಕೆ ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ಗಾಳಿ ಎಳೆಯುವುದು ಹೆಚ್ಚಾಗಿ ಹೀಗೆಯೇ. ಅದಕ್ಕೇ ಜಂತಿಯನ್ನು ಗೋಡೆಗೆ ಬಿಗಿಯುವಾಗ ಎರಡನ್ನೂ ತಬ್ಬುವ ಲೋಹದ ಪಟ್ಟಿ ಹಾಕಿ, ಮೊಳೆಗಳನ್ನು ಪಕ್ಕದಿಂದ ಹೊಡೆಯುತ್ತಾರೆ. ಎಳೆತ ಮೇಲ್ಮುಖವೇ ಆದರೂ ಮೊಳೆಗೆ ಅದು ಅಡ್ಡಬಲ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲಾರಿಡಾವನ್ನು ಹೊಡೆದ ಮೇಲೆ ಪರೀಕ್ಷಿಸಿದ ಮನೆಗಳಲ್ಲಿ, ಚಾವಣಿಯ ಹಲಗೆಗೆ ಹೊಡೆದ ಎಷ್ಟೋ ಮೊಳೆಗಳು ಅಡಿಯ ಟ್ರಸ್ಸಿಗೆ, ಅಂದರೆ ಚಾವಣಿ ಹೊರುವ ಚೌಕಟ್ಟಿಗೆ, ತಾಗದೆ ಪಕ್ಕದಲ್ಲೇ ಇಳಿದಿದ್ದವು. ನಕ್ಷೆಯಲ್ಲಿ ಹಾದಿ ಇತ್ತು, ಮನೆಯಲ್ಲಿರಲಿಲ್ಲ. ತೊಲೆ, ಕಂಬಗಳ ಲೆಕ್ಕಕ್ಕೆ ಸಿಗುವ ಗಮನದಲ್ಲಿ ಅರ್ಧವಾದರೂ ತರಗತಿಗಳಲ್ಲಿ ಕೂಡಿಕೆಗಳಿಗೆ ಸಿಗಬೇಕು ಎಂದು ನನಗೆ ಬಲವಾಗಿ ಅನ್ನಿಸುವುದು ಇಂಥ ಕಡೆ.

ಸೇತುವೆಗಳ ಕಥೆ ಇನ್ನೂ ಕಠಿಣ. 2005ರ ಕತ್ರೀನಾ ಚಂಡಮಾರುತದಲ್ಲಿ ಲೂಸಿಯಾನಾದ ಪಾಂಚಟ್ರೇನ್ ಸರೋವರದ ಮೇಲಿನ ಹೆದ್ದಾರಿ ಸೇತುವೆಯ ಅಂಕಣಗಳು, ಅಂದರೆ ಕಂಬದಿಂದ ಕಂಬಕ್ಕೆ ಹಾಸಿದ ತುಂಡುಗಳು, ಜಾಗ ಬಿಟ್ಟು ಸರಿದವು. ಹಲವು ನೀರಿಗೇ ಬಿದ್ದವು. ಅಷ್ಟು ಭಾರದ ಕಾಂಕ್ರೀಟು ಕದಲಿದ್ದು ಹೇಗೆ? ಉಬ್ಬರಿಸಿ ಬಂದ ನೀರಿನಲ್ಲಿ ಮುಳುಗಿದ ಕಾಂಕ್ರೀಟಿನ ತೂಕ ಶೇಕಡಾ 40ರಷ್ಟು ಇಳಿಯುತ್ತದೆ. ಅಡಿಯ ತೊಲೆಗಳಾದ ಗರ್ಡರ್‌ಗಳ ನಡುವೆ ಸಿಕ್ಕಿಕೊಂಡ ಗಾಳಿ ಅದನ್ನು ಮತ್ತೂ ತೇಲಿಸುತ್ತದೆ. ಮೇಲೆ ಅಲೆಗಳ ಏಟು. ತೂಕವನ್ನೇ ನಂಬಿ ಬೇರಿಂಗ್ (ಕಂಬದ ತಲೆಯ ಮೇಲಿನ ಆಸರೆ) ಮೇಲೆ ಕೂರಿಸಿದ ಅಂಕಣಕ್ಕೆ ಇನ್ನು ಹಿಡಿತವೆಲ್ಲಿ?

ಹಾಗೆಂದು ಎಲ್ಲವನ್ನೂ ಬಿಗಿದು ಕಟ್ಟಿದರೆ ಆಯಿತೇ? ಆಗ ಆ ಎಳೆತವೆಲ್ಲ ಕಂಬಕ್ಕೆ, ಕಂಬದಿಂದ ನೆಲದಾಳಕ್ಕಿಳಿಸಿದ ಪೈಲ್‌ಗೆ ಇಳಿಯುತ್ತದೆ, ಅವೂ ತಡೆದುಕೊಳ್ಳಬೇಕು. ವಾಹನ ಓಡುವ ಡೆಕ್ಕನ್ನು ಅಲೆಗೆ ಸಿಗದಷ್ಟು ಎತ್ತರಿಸುವುದು, ಸಿಕ್ಕಿಕೊಂಡ ಗಾಳಿ ಹೊರಹೋಗಲು ಕಿಂಡಿ ಬಿಡುವುದು ಇದಕ್ಕಾಗಿಯೇ. ಕೆಲವು ಕಡೆ ಹಾದಿಯನ್ನು ಬೇಕೆಂದೇ ಕತ್ತರಿಸುವುದೂ ಉಂಟು. ಕಂಬಗಳ ಮೇಲೆ ನಿಂತ ಕಡಲಂಚಿನ ಮನೆಯ ಕೆಳಗಿನ ಮರೆಗೋಡೆಗಳು ಅಲೆ ಬಡಿದೊಡನೆ ಕಳಚಿ ಬೀಳುವಂತಿರುತ್ತವೆ. ಗೋಡೆ ಹೋದರೆ ಹೋಗಲಿ, ನೀರು ಕಂಬಗಳ ನಡುವೆ ಹಾದುಹೋಗುತ್ತದೆ. ಗೋಡೆಯ ಮೇಲಿನ ಬಲ ಕಂಬಗಳಿಗೆ ತಗಲುವುದಿಲ್ಲ. ನನಗೆ ಈ ವಿಷಯದಲ್ಲಿ ಅತ್ಯಂತ ಜಾಣತನದ ಯೋಚನೆ ಎನಿಸಿದ್ದು ಇದೇ.

ಇನ್ನು ಹಾದಿಯ ಕೊನೆ, ಮಣ್ಣು. ಬಿರುಸಿನ ಹರಿವು ಕಂಬದ ಸುತ್ತ ಸುಳಿಯೆದ್ದು ಬುಡದ ಮರಳನ್ನು ಕೊರೆದೊಯ್ಯುತ್ತದೆ. ಇದನ್ನು ಸ್ಕೌರ್ ಎನ್ನುತ್ತಾರೆ. ಎರಡು ಮೀಟರ್ ಮರಳು ಹೋದರೆ ಪೈಲ್‌ಗೆ ಅಷ್ಟುದ್ದದ ಹಿಡಿತ ತಪ್ಪಿತು. ಮೇಲಿನಿಂದ ಕಾಣುವ ಬರಿಗಂಬ ಅಷ್ಟೇ ಉದ್ದವಾಯಿತು, ಬಾಗುವ ಬಲವೂ ಹೆಚ್ಚಿತು. ಹಾಗಾಗಿ ಪೈಲ್ ಎಷ್ಟು ಆಳಕ್ಕಿಳಿಯಬೇಕೆಂದು ಇವತ್ತಿನ ಮರಳಿನ ಮಟ್ಟದಿಂದ ಅಳೆಯುವುದಿಲ್ಲ. ಬಿರುಗಾಳಿ ಕೊರೆದ ಮೇಲೆ ಉಳಿಯುವ ಮಟ್ಟವನ್ನು ಅಂದಾಜಿಸಿ, ಅಲ್ಲಿಂದ ಕೆಳಗೆ ಅಳೆಯುತ್ತಾರೆ.